ಯಂತ್ರಕ್ಕೆ ಬಂದ ಜ್ವರ

ಗಾದೆಯನ್ನು ಆಡುವುದು ಸುಲಭ. ಆಡಿದ ಗಾದೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಬಹು ಕಷ್ಟ. ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಗಾದೆಗಳು ಸದಾ ನಾಲಗೆಯ ತುದಿಯಲ್ಲಿಯೇ ಇರುತ್ತವೆ. ತಡವಾಗಿ ಬಂದ ವಿದ್ಯಾರ್ಥಿಗೆ ಒಂದು, ಲೆಕ್ಕ ತಪ್ಪಿದ ಗುಮಾಸ್ತನಿಗೆ ಇನ್ನೊಂದು, ಮನೆಯ ಮಕ್ಕಳಿಗಂತೂ ಹೊತ್ತಿಗೊಂದು—ಹೀಗೆ ಸಂದರ್ಭಕ್ಕೆ ತಕ್ಕ ಗಾದೆಯನ್ನು ಹೊಂದಿಸಿಬಿಟ್ಟರೆ ನ್ಯಾಯ ತೀರ್ಮಾನವೇ ಆಗಿಹೋಯಿತೆಂದು ನಾನು ಬಹುಕಾಲ ನಂಬಿಕೊಂಡಿದ್ದೆನು. ಆ ನಂಬಿಕೆಯನ್ನು ಬುಡಸಹಿತ ಅಲುಗಿಸಿದ್ದು ಹನ್ನೊಂದು ವರ್ಷ ಹಳೆಯದಾದ ಒಂದು ಕಂಪ್ಯೂಟರು. ಅದೂ ಎಂಥದು? ಆಟವಾಡುವುದಕ್ಕೆಂದೇ ನನ್ನ ಮಗ ಜೋಡಿಸಿಕೊಂಡಿದ್ದ ಕಂಪ್ಯೂಟರು. ಈ ಕತೆಯಲ್ಲಿ ಯಂತ್ರವಿಜ್ಞಾನದ ಮಾತುಗಳೂ ನಡುನಡುವೆ ಬರುತ್ತವೆ. ಕಲಾವಿಭಾಗದ ಓದುಗರು ಗಾಬರಿಯಾಗಬೇಕಾಗಿಲ್ಲ, ಹೇಳುತ್ತಿರುವವನೂ ಕಲಾವಿಭಾಗದವನೇ.

ನಮ್ಮ ಮನೆಯಿರುವುದು ಹೊಸಪೇಟೆಯ ಹೊರವಲಯದಲ್ಲಿ, ಸಂಡೂರಿಗೆ ಹೋಗುವ ರಸ್ತೆಯ ಅಂಚಿಗೆ. ಈ ಸೀಮೆಯಲ್ಲಿ ಇರುವ ಕಾಲಗಳು ಎರಡೇ, ಒಂದು ಬೇಸಿಗೆ, ಮತ್ತೊಂದು ಕಡುಬೇಸಿಗೆ ಎಂದು ಹೊರಗಿನವರು ಹಾಸ್ಯ ಮಾಡುವುದುಂಟು. ಆದರೆ ಇಲ್ಲಿ ಬಾಳಿದವರಿಗೆ ಬಿಸಿಲಿಗಿಂತ ಹೆಚ್ಚಾಗಿ ನೆನಪಿರುವುದು ಧೂಳು. ಸಂಡೂರಿನ ಬೆಟ್ಟಗಳಿಂದ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳು ಹಗಲಿರುಳೆನ್ನದೆ ಈ ದಾರಿಯಲ್ಲಿ ಓಡಾಡಿದ ಕಾಲವೊಂದಿತ್ತು. ಬೇವಿನ ಎಲೆ ಕೆಂಪು, ಒಣಹಾಕಿದ ಪಂಚೆ ಕೆಂಪು, ಹಾಲಿನ ಪಾತ್ರೆಯ ಮುಚ್ಚಳವೂ ಕೆಂಪು. ೨೦೧೧ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ನಾವು ನಿಟ್ಟುಸಿರು ಬಿಟ್ಟೆವು. ೨೦೧೩ರಲ್ಲಿ ಷರತ್ತುಗಳ ಮೇಲೆ ಕೆಲವು ಗಣಿಗಳಿಗೆ ಮತ್ತೆ ಅನುಮತಿ ದೊರೆತ ತರುವಾಯ, ಮೊದಲಿನಷ್ಟಲ್ಲದಿದ್ದರೂ, ಲಾರಿಗಳು ಮರಳಿ ಬಂದವು. ಅವುಗಳ ಹಿಂದೆ ಧೂಳೂ ಬಂದಿತು. ಈ ಧೂಳಿಗೆ ನನ್ನ ಕತೆಯಲ್ಲಿ ಮುಖ್ಯವಾದ ಪಾತ್ರವಿರುವುದರಿಂದ ಇಷ್ಟನ್ನು ಹೇಳಬೇಕಾಯಿತು.

೨೦೧೪ರಲ್ಲಿ ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದನು. ಓದಿಗೆ ಕಂಪ್ಯೂಟರು ಬೇಕೆಂದನು. ಸಹಕಾರ ಸಂಘದಲ್ಲಿ ಐವತ್ತು ಸಾವಿರ ರೂಪಾಯಿ ಸಾಲ ಮಾಡಿ ಕೈಗಿಟ್ಟೆನು. ಅವನು ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋಗಿ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು, ನೆಲದ ಮೇಲೆ ಜಮಖಾನ ಹಾಸಿ, ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಕುಳಿತು ತಾನೇ ಜೋಡಿಸಿದನು. ಗುಂಡಿ ಒತ್ತಿದಾಗ ಒಳಗಿನ ಫ್ಯಾನು ಕೆಂಪು ದೀಪದೊಂದಿಗೆ ತಿರುಗಿತು. ಅವನ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಸಂತೋಷವೇ ನನ್ನಲ್ಲಿ ಸಂಶಯವನ್ನು ಹುಟ್ಟಿಸಿತು. ಓದಿನ ವಸ್ತುವನ್ನು ಕಂಡು ಹುಡುಗರು ಇಷ್ಟು ಹಿಗ್ಗುವುದನ್ನು ನಾನು ಮೂರು ದಶಕಗಳ ಅಧ್ಯಾಪನದಲ್ಲಿ ಕಂಡಿರಲಿಲ್ಲ! ಮೂರನೆಯ ದಿನವೇ ನಿಜ ಹೊರಬಿದ್ದಿತು. ಅದು ಆಟದ ಕಂಪ್ಯೂಟರು. ಓದೂ ಆಗುತ್ತಿತ್ತು, ಆಟವೂ ಆಗುತ್ತಿತ್ತು.

ನಾನು ಉಪಾಯ ಹೂಡಿದೆನು. ಮಗ ಕಾಲೇಜಿಗೆ ಹೋಗಿದ್ದಾಗ ಪಕ್ಕದ ಮನೆಯ ಇಬ್ಬರು ಹುಡುಗರನ್ನು ಕರೆದು, ಒಳಕೋಣೆಯಲ್ಲಿದ್ದ ಯಂತ್ರವನ್ನು ಹೊರಿಸಿ, ನಡುಮನೆಯಲ್ಲಿ ರಸ್ತೆಗೆ ತೆರೆದುಕೊಳ್ಳುವ ಕಿಟಕಿಯ ಕೆಳಗೆ ಇಡಿಸಿದೆನು. ಅದು ನಾನು ಪತ್ರಿಕೆ ಓದುವ ಕುರ್ಚಿಯ ಎದುರು. ಇನ್ನು ಅವನು ಏನು ಮಾಡುತ್ತಿರುವನೆಂಬುದು ಕನ್ನಡಕದ ಮೇಲ್ಗಡೆಯಿಂದ ನನಗೆ ಸದಾ ಕಾಣುತ್ತಿತ್ತು. ಮಗ ಸಂಜೆ ಬಂದು ನೋಡಿ, "ಅಪ್ಪಾ, ಇಲ್ಲಿ ಧೂಳು ಬಹಳ" ಎಂದಷ್ಟೇ ಹೇಳಿದನು. ನಾನು ಕಿವಿಗೊಡಲಿಲ್ಲ.

೨೦೧೭ರಲ್ಲಿ ಅವನ ಕೊನೆಯ ವರ್ಷ. ಸೇತುವೆಯ ಮೇಲೆ ಗಾಳಿಯ ಒತ್ತಡ ಹೇಗೆ ಹಂಚಿಹೋಗುವುದೆಂಬುದನ್ನು ಲೆಕ್ಕಹಾಕುವ ಪ್ರಾಜೆಕ್ಟು ಅವನದು. ಒಂದೊಂದು ಲೆಕ್ಕಕ್ಕೆ ಯಂತ್ರವು ಇಡೀ ರಾತ್ರಿ ದುಡಿಯಬೇಕು. ಏಪ್ರಿಲ್ ತಿಂಗಳ ಆ ರಾತ್ರಿಗಳಲ್ಲಿ ಅದು ಎರಡು ಗಂಟೆಗೋ ಮೂರು ಗಂಟೆಗೋ ತಾನಾಗಿ ಆರಿಹೋಗುತ್ತಿತ್ತು. ಲೆಕ್ಕವನ್ನು ಮತ್ತೆ ಮೊದಲಿನಿಂದ ಹಿಡಿಯಬೇಕಾಗುತ್ತಿತ್ತು. ಒಂದು ಬೆಳಗ್ಗೆ ಅವನು ಕೆಂಪಗಾದ ಕಣ್ಣುಗಳಿಂದ ನನ್ನ ಮುಂದೆ ನಿಂತು, "ಅಪ್ಪಾ, ಪ್ರೊಸೆಸರ್ ಕಾಯ್ತಾ ಇದೆ. ಒಂದು ದಿನ ಬಿಡಿ, ಬಿಚ್ಚಿ ಸ್ವಚ್ಛ ಮಾಡಿ ಒಳಗಡೆ ಇಟ್ಕೊಳ್ತೀನಿ" ಎಂದನು. ಬಿಚ್ಚುವುದು, ಜೋಡಿಸುವುದು, ಒಳಗೆ ಒಯ್ಯುವುದು—ಇದೆಲ್ಲ ಆಟಕ್ಕೆ ಮರಳುವ ನೆಪವೆಂದು ನನಗೆ ತೋರಿತು. ಪರೀಕ್ಷೆ ಮುಗಿಯುವವರೆಗೆ ಅದಕ್ಕೆ ಕೈ ಹಚ್ಚಕೂಡದೆಂದು ಆಜ್ಞೆ ಮಾಡಿ, ಜೊತೆಗೆ ಗಾದೆಯನ್ನೂ ಎಸೆದೆನು: "ಕುಣಿಯಲಾರದವಳು ನೆಲ ಡೊಂಕೆಂದಳಂತೆ."

ವರದಿ ಎಂಟು ದಿನ ತಡವಾಯಿತು. ಅಂಕಗಳು ಹೋದವು. ಮುಂದಿನ ಓದಿಗೆ ಅವನು ಆಸೆಪಟ್ಟಿದ್ದ ಕಡೆ ಸೀಟು ಸಿಕ್ಕಲಿಲ್ಲ. ಅದಕ್ಕೆ ಆ ಅಂಕಗಳೇ ಕಾರಣವೋ ಬೇರೆ ಕಾರಣಗಳೂ ಇದ್ದವೋ ಹೇಳಲಾರೆ. ಅವನು ನನ್ನೊಡನೆ ವಾದ ಮಾಡಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದನು. ೨೦೨೧ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಹೋದನು. ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತಾಡುತ್ತಾನೆ, ತಾಯಿಯೊಡನೆ ಹೆಚ್ಚು, ನನ್ನೊಡನೆ ಸ್ವಲ್ಪ. ಯಂತ್ರ ಕಿಟಕಿಯ ಕೆಳಗೇ ಉಳಿಯಿತು. ನಾನು ಅದರಲ್ಲಿ ಪಿಂಚಣಿಯ ಕಾಗದಪತ್ರಗಳನ್ನು ನೋಡುತ್ತಿದ್ದೆನು, ಒಂದೆರಡು ಲೇಖನಗಳನ್ನು ಬೆರಳಚ್ಚು ಮಾಡುತ್ತಿದ್ದೆನು. ಎಂಟು ವರ್ಷಗಳಲ್ಲಿ ಅದು ನನ್ನ ಕೈಯಲ್ಲಿ ಒಮ್ಮೆಯಾದರೂ ಆರಲಿಲ್ಲ. ನೆಲ ಡೊಂಕಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆನು.

ಹೀಗಿರುವಾಗ ೨೦೨೫ರ ಮೇ ತಿಂಗಳಲ್ಲಿ ಮಗಳ ಮಗ ಮೈಸೂರಿನಿಂದ ಬೇಸಿಗೆ ರಜಕ್ಕೆ ಬಂದನು. ಎಂಟನೆಯ ತರಗತಿಯ ಹುಡುಗ. ಸೋದರಮಾವನ ಕಂಪ್ಯೂಟರಿನಲ್ಲಿ ಹಳೆಯ ಮೋಟಾರು ಪಂದ್ಯದ ಆಟವೊಂದನ್ನು ಕಂಡುಹಿಡಿದು, ಮಾವ ನಿಲ್ಲಿಸಿದ್ದ ಹಂತದಿಂದಲೇ ಮುಂದುವರಿಸಿದನು. ತಾತನಾದ ಮೇಲೆ ಮನುಷ್ಯ ಮೃದುವಾಗುತ್ತಾನೆ. ನಾನು ಅಡ್ಡಿ ಮಾಡಲಿಲ್ಲ. ಹತ್ತು ನಿಮಿಷವಾಗಿರಬಹುದು. ಫ್ಯಾನು ಗಿರಣಿಯಂತೆ ಅರಚತೊಡಗಿತು. ಪರದೆಯ ಮೇಲಿನ ಕಾರು ಮುಗ್ಗರಿಸಿ ಮುಗ್ಗರಿಸಿ ನಡೆಯಿತು. ಮರುಕ್ಷಣವೇ ಎಲ್ಲವೂ ಕತ್ತಲು. ಹುಡುಗ ತಿರುಗಿ ನನ್ನ ಮುಖವನ್ನು ನೋಡಿ, "ನಾನೇನೂ ಮಾಡಿಲ್ಲ ತಾತಾ" ಎಂದನು.

ಗಾದೆ ನಾಲಗೆಯವರೆಗೆ ಬಂದಿತ್ತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ, "ಆಗಲೂ ಹಿಂಗೇ ಆಗ್ತಿತ್ತು, ನೋಡ್ರಿ" ಎಂದಳು. ಅವಳು ಹೇಳಿದುದು ಅಷ್ಟೇ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆನು. ಅಂಗಡಿಯ ಯುವಕ ಯಂತ್ರವನ್ನು ನೋಡದೆಯೇ ವಯಸ್ಸನ್ನು ಕೇಳಿ, "ಹನ್ನೊಂದು ವರ್ಷಾನಾ ಸಾರ್? ಪ್ರೊಸೆಸರ್ ಹೋಗಿರುತ್ತೆ. ಹೊಸದೇ ತಗೊಂಬಿಡಿ" ಎಂದು ನಲವತ್ತೈದು ಸಾವಿರದ ಪಟ್ಟಿ ಬರೆದುಕೊಟ್ಟನು. ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ನಾನು ನೇರವಾಗಿ ನನ್ನ ಹಳೆಯ ಸಹೋದ್ಯೋಗಿ ಮಿತ್ರರ ಮನೆಗೆ ಹೋದೆನು. ಅವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರು; ಪಟ್ಟಿಯನ್ನು ನೋಡಿ ನಕ್ಕು, "ರೋಗಿಯನ್ನು ಸುಡುವುದಕ್ಕೆ ಮೊದಲು ಜ್ವರವನ್ನಾದರೂ ಅಳೆದು ನೋಡೋಣ, ಮೇಷ್ಟ್ರೇ" ಎಂದು ಚಪ್ಪಲಿ ಮೆಟ್ಟಿಕೊಂಡು ನನ್ನೊಡನೆಯೇ ಹೊರಟರು.

ಜ್ವರ ಅಳೆಯುವ ಸಾಧನ ಚಿಪ್ಪಿನೊಳಗೇ ಇರುತ್ತದೆಂಬುದು ನನಗೆ ತಿಳಿದಿರಲಿಲ್ಲ. ಯಂತ್ರ ಚಾಲೂ ಆಗುತ್ತಿರುವಾಗಲೇ ಒಂದು ಕೀಲಿಯನ್ನು ಒತ್ತಿದರೆ ಬಯಾಸ್ ಎಂಬ ಪುಟ ತೆರೆಯುತ್ತದೆ. ಅಲ್ಲಿ ಪ್ರೊಸೆಸರಿನ ಉಷ್ಣತೆಯನ್ನು ಬರೆದಿರುತ್ತದೆ. ಕೋಣೆಯಲ್ಲಿ ಅಂದು ೩೮ ಡಿಗ್ರಿ ಸೆಲ್ಸಿಯಸ್. ಏನೂ ಕೆಲಸವಿಲ್ಲದೆ ಕುಳಿತಿದ್ದ ಪ್ರೊಸೆಸರು ೭೬ ಡಿಗ್ರಿ ತೋರಿಸಿತು. ಉಷ್ಣತೆಯನ್ನು ತೋರಿಸುವ ಸಣ್ಣ ತಂತ್ರಾಂಶವೊಂದನ್ನು ಹಾಕಿಕೊಂಡು ಮೊಮ್ಮಗನಿಗೆ ಆಟವಾಡಲು ಹೇಳಿದೆವು. ಎರಡು ನಿಮಿಷಗಳೊಳಗಾಗಿ ಅಂಕಿ ೧೦೦ನ್ನು ಮುಟ್ಟಿತು. ಕಾರು ಮುಗ್ಗರಿಸತೊಡಗಿತು.

"ಈಗ ಅದು ತನ್ನ ಪ್ರಾಣ ಉಳಿಸಿಕೊಳ್ಳುತ್ತಿದೆ" ಎಂದರು ಮಿತ್ರರು. ಈ ಪ್ರೊಸೆಸರಿಗೆ ೧೦೦ ಡಿಗ್ರಿ ಮೇಲಿನ ಗೆರೆ. ಅದನ್ನು ಮುಟ್ಟಿದ ಕೂಡಲೇ ಅದು ತನ್ನ ಮಿಡಿತವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಗೆ ಮಾಡಿಯೂ ಕಾವು ಏರುತ್ತಲೇ ಹೋದರೆ ವಿದ್ಯುತ್ತನ್ನೇ ಕಡಿದುಹಾಕುತ್ತದೆ. ಇಂಥ ಎಚ್ಚರ ಎಲ್ಲ ಕಾಲದಲ್ಲೂ ಇರಲಿಲ್ಲವಂತೆ. ೨೦೦೧ರಲ್ಲಿ ಕೆಲವರು ಓಡುತ್ತಿರುವ ಯಂತ್ರಗಳ ಪ್ರೊಸೆಸರಿನ ಮೇಲಿಂದ ಕಾವು ಹೀರುವ ಲೋಹವನ್ನು ಕಿತ್ತು ಪರೀಕ್ಷಿಸಿದಾಗ, ಪೆಂಟಿಯಂ ೪ ನಿಧಾನವಾಗಿಯಾದರೂ ಬದುಕಿ ಉಳಿಯಿತು. ಅದೇ ಕಾಲದ ಅಥ್ಲಾನ್ ಕ್ಷಣಮಾತ್ರದಲ್ಲಿ ಹೊಗೆಯಾಡಿ ಸುಟ್ಟುಹೋಯಿತು. ಹಾಗಾದರೆ ನಮ್ಮ ಯಂತ್ರ ಆರಿಹೋಗುತ್ತಿದ್ದುದು ಅದರ ಕೇಡಲ್ಲ, ವಿವೇಕ. ನನ್ನ ಕೈಯಲ್ಲಿ ಅದೇಕೆ ಆರುತ್ತಿರಲಿಲ್ಲವೆಂದು ಕೇಳಿದೆನು. ಮಿತ್ರರು ಸಂಕೋಚವಿಲ್ಲದೆ, "ನೀವು ಅದಕ್ಕೆ ಕೆಲಸವನ್ನೇ ಕೊಟ್ಟಿರಲಿಲ್ಲವಲ್ಲ!" ಎಂದರು. ಬೆರಳಚ್ಚಿಗೆ ಪ್ರೊಸೆಸರಿನ ಶಕ್ತಿಯಲ್ಲಿ ನೂರರಲ್ಲಿ ಒಂದೆರಡು ಪಾಲು ಸಾಕು. ಆಟಕ್ಕೂ ಸೇತುವೆಯ ಲೆಕ್ಕಕ್ಕೂ ಪೂರ್ತಿ ಬೇಕು. ನನ್ನ ಎಂಟು ವರ್ಷದ ಸಾಕ್ಷಿ ಒಂದು ವಾಕ್ಯದಲ್ಲಿ ಬಿದ್ದುಹೋಯಿತು.

ಇಷ್ಟೊಂದು ಕಾವು ಎಲ್ಲಿಂದ ಹುಟ್ಟುತ್ತದೆ? ಬೀಸುವ ಕಲ್ಲು ಕಾಯುವುದನ್ನು ಬಲ್ಲೆ. ಆದರೆ ಪ್ರೊಸೆಸರಿನಲ್ಲಿ ಚಲಿಸುವ ಭಾಗವೇ ಇಲ್ಲ. ಮಿತ್ರರು ಕಾಗದ ತೆಗೆದುಕೊಂಡು ಲೆಕ್ಕ ಬರೆದರು. ಈ ಚಿಪ್ಪಿನ ವಿಸ್ತಾರ ೧೭೭ ಚದರ ಮಿಲಿಮೀಟರು, ಅಂಚೆಚೀಟಿಗಿಂತ ಕಿರಿದು. ಅದರೊಳಗೆ ಸುಮಾರು ೧೪೦ ಕೋಟಿ ಟ್ರಾನ್ಸಿಸ್ಟರುಗಳು. ನಮ್ಮ ದೇಶದಲ್ಲಿ ಜನರೆಷ್ಟೋ ಹೆಚ್ಚುಕಡಿಮೆ ಅಷ್ಟು. ಮಿಡಿತವು ಸೆಕೆಂಡಿಗೆ ೩೬೦ ಕೋಟಿ ಸಲ. ಪ್ರತಿ ಮಿಡಿತಕ್ಕೂ ಅಸಂಖ್ಯ ಸ್ವಿಚ್ಚುಗಳು ತೆರೆಯುತ್ತವೆ, ಮುಚ್ಚುತ್ತವೆ. ಪ್ರತಿಯೊಂದರಲ್ಲೂ ಕಣಮಾತ್ರ ವಿದ್ಯುತ್ತು ತುಂಬಿ ಖಾಲಿಯಾಗುತ್ತದೆ. ಒಳಗೆ ಹೋದ ವಿದ್ಯುಚ್ಛಕ್ತಿ ಯಾವ ಭಾರವನ್ನೂ ಎತ್ತುವುದಿಲ್ಲ, ಯಾವ ಚಕ್ರವನ್ನೂ ತಿರುಗಿಸುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ಕಾವಾಗಿಯೇ ಹೊರಬರಬೇಕು. ತಯಾರಕರು ಇದಕ್ಕೆ ಹೇಳಿರುವ ಪ್ರಮಾಣ ೮೪ ವಾಟು.

"ಎಂಬತ್ತನಾಲ್ಕೇ? ನಮ್ಮ ಕಾಲದ ನೂರು ವಾಟಿನ ಬಲ್ಬಿಗಿಂತ ಕಡಿಮೆಯಾಯಿತಲ್ಲ" ಎಂದೆನು. ಅದಕ್ಕೆ ಅವರು ನಮ್ಮ ಅಡುಗೆಮನೆಯ ವಿದ್ಯುತ್ ಒಲೆಯನ್ನು ತರಿಸಿದರು. ಹದಿನೈದು ಸೆಂಟಿಮೀಟರು ಅಗಲದ, ಸಾವಿರ ವಾಟಿನ ಒಲೆ. ಅದರ ತಟ್ಟೆಯ ವಿಸ್ತಾರ ೧೭೭ ಚದರ ಸೆಂಟಿಮೀಟರು. ಎಂದರೆ ಚಿಪ್ಪಿನ ನೂರರಷ್ಟು. ಒಲೆಯಲ್ಲಿ ಚದರ ಸೆಂಟಿಮೀಟರಿಗೆ ಐದೂವರೆ ವಾಟಿಗಿಂತ ತುಸು ಹೆಚ್ಚು ಕಾವು ಬಂದರೆ, ಪ್ರೊಸೆಸರಿನಲ್ಲಿ ಸುಮಾರು ೪೭ ವಾಟು. ದೋಸೆ ಹುಯ್ಯುವ ಒಲೆಗಿಂತ ಎಂಟು ಪಟ್ಟು ಒತ್ತಾದ ಕಾವು! ನನ್ನ ಹೆಂಡತಿ ಈ ಲೆಕ್ಕವನ್ನು ಕೇಳಿ, ಅಷ್ಟು ದಿನವೂ ಬರಿಯ ಪೆಟ್ಟಿಗೆಯೆಂದುಕೊಂಡಿದ್ದ ಯಂತ್ರವನ್ನು ಗೌರವದಿಂದ ನೋಡಿದಳು.

ಲೆಕ್ಕಕ್ಕೂ ಕಾವಿಗೂ ಇರುವ ನಂಟು ಹಳೆಯದು. ೧೯೪೬ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪ್ರಕಟವಾದ ಎನಿಯಾಕ್ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ಕೊಳವೆಗಳಿದ್ದವು. ಅದು ಕುಡಿಯುತ್ತಿದ್ದ ವಿದ್ಯುತ್ತು ೧೫೦ ಕಿಲೋವಾಟು. ಅದಕ್ಕೆ ಗಾಳಿ ಹಾಕುವ ಏರ್ಪಾಡೇ ಒಂದು ದೊಡ್ಡ ಸ್ಥಾವರವಾಗಿತ್ತು. ಸೈಮೂರ್ ಕ್ರೇ ಎಂಬ ಯಂತ್ರಶಿಲ್ಪಿ ೧೯೮೫ರಲ್ಲಿ ಹೊರತಂದ ಕ್ರೇ-೨ ಎಂಬ ಮಹಾಗಣಕದ ಒಡಲನ್ನು ವಿದ್ಯುತ್ತು ಹರಿಯದ ದ್ರವವೊಂದರಲ್ಲಿ ಮುಳುಗಿಸಿಯೇ ಇಟ್ಟಿದ್ದನು. ೨೦೦೧ರಲ್ಲಿ ಇಂಟೆಲ್ ಸಂಸ್ಥೆಯ ಪ್ಯಾಟ್ ಗೆಲ್‌ಸಿಂಗರ್ ಅವರು, ಚಿಪ್ಪುಗಳ ಕಾವು ಇದೇ ರೀತಿ ಒತ್ತಾಗುತ್ತ ಹೋದರೆ ಅದು ಪರಮಾಣು ರಿಯಾಕ್ಟರನ್ನು, ಆಮೇಲೆ ರಾಕೆಟ್ಟಿನ ಮೂತಿಯನ್ನು, ಕಡೆಗೆ ಸೂರ್ಯನ ಮೇಲ್ಮೈಯನ್ನೇ ಸರಿಗಟ್ಟಬೇಕಾದೀತೆಂದು ಎಚ್ಚರಿಸಿದ್ದರು. ೨೦೦೪ರಲ್ಲಿ ಆ ಸಂಸ್ಥೆಯು ೪ ಗಿಗಾಹರ್ಟ್ಸ್‌ನ ಪೆಂಟಿಯಂ ೪ನ್ನು ತರುವ ಯೋಜನೆಯನ್ನು ಕೈಬಿಟ್ಟಿತು. ಮರುವರ್ಷ ಒಂದೇ ಚಿಪ್ಪಿನ ಮನೆಯಲ್ಲಿ ಎರಡು ಕೋರುಗಳನ್ನು ಇಟ್ಟು ಮಾರತೊಡಗಿತು. ಒಬ್ಬನೇ ಓಡಿ ಬೆವರುವುದಕ್ಕಿಂತ ಇಬ್ಬರು ನಡೆದು ಕೆಲಸ ಮುಗಿಸುವುದು ಲೇಸೆಂಬ ಮನೆವಾರ್ತೆಯ ನ್ಯಾಯ ಅದು.

ಮಿತ್ರರು ಹೇಳಿದ ಮತ್ತೊಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ರಾಲ್ಫ್ ಲ್ಯಾಂಡೌರ್ ಎಂಬ ಭೌತವಿಜ್ಞಾನಿ ೧೯೬೧ರಲ್ಲಿ ತೋರಿಸಿಕೊಟ್ಟದ್ದು ಇದು: ಯಂತ್ರವು ತನ್ನ ನೆನಪಿನಲ್ಲಿರುವ ಒಂದು ಅಂಶವನ್ನು ಅಳಿಸಿದಾಗ, ಎಷ್ಟೇ ಜಾಣತನದಿಂದ ಕಟ್ಟಿದ್ದರೂ, ಸ್ವಲ್ಪ ಕಾವನ್ನು ಹೊರಹಾಕಲೇಬೇಕು. ಆ ಪ್ರಮಾಣ ಊಹೆಗೂ ನಿಲುಕದಷ್ಟು ಸಣ್ಣದು. ನಮ್ಮ ಈಗಿನ ಯಂತ್ರಗಳು ಅದರ ಎಷ್ಟೋ ಪಟ್ಟು ಹೆಚ್ಚು ಕಾಯುತ್ತವೆ. ಆದರೂ ನಿಯಮ ನಿಯಮವೇ. ಮರೆಯುವುದಕ್ಕೂ ತೆರಬೇಕಾದ ಬೆಲೆಯೊಂದುಂಟು. ೨೦೧೭ರ ಆ ಬೆಳಗನ್ನು ಎಂಟು ವರ್ಷ ಮರೆತಿದ್ದ ನಾನು ಈ ಮಾತಿಗೆ ತಲೆದೂಗಿದೆನು. ಕಾರಣವನ್ನು ಮಿತ್ರರಿಗೆ ಹೇಳಲಿಲ್ಲ.

ಸಂಜೆ ಬಿಸಿಲಿಳಿದ ಮೇಲೆ ಯಂತ್ರವನ್ನು ಅಂಗಳಕ್ಕೆ ಒಯ್ದೆವು. ವಿದ್ಯುತ್ತಿನ ತಂತಿಯನ್ನು ಕಿತ್ತು, ಗುಂಡಿಯನ್ನು ಒಂದು ಸಲ ಒತ್ತಿ ಒಳಗೆ ಉಳಿದಿದ್ದ ವಿದ್ಯುತ್ತನ್ನು ಹರಿಯಬಿಟ್ಟು, ಮೈಯಲ್ಲಿ ನಿಂತ ವಿದ್ಯುತ್ತು ಇಳಿಯಲೆಂದು ಲೋಹದ ಕಟ್ಟನ್ನು ಮುಟ್ಟಿಕೊಂಡು, ಪಕ್ಕದ ಹಲಗೆಯನ್ನು ಬಿಚ್ಚಿದೆವು. ಪ್ರೊಸೆಸರು ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಹೀಟ್ ಸಿಂಕ್ ಎಂಬ ಅಲ್ಯೂಮಿನಿಯಮ್ಮಿನ ಮುದ್ದೆ; ಸೂರ್ಯಕಾಂತಿ ಹೂವಿನ ಎಸಳುಗಳಂತೆ ತೆಳುವಾದ ರೆಕ್ಕೆಗಳನ್ನು ಚಾಚಿಕೊಂಡಿರುತ್ತದೆ. ಅದರ ತಲೆಯ ಮೇಲೆ ಫ್ಯಾನು ಕುಳಿತು ಗಾಳಿಯನ್ನು ಕೆಳಮುಖವಾಗಿ ಊದುತ್ತದೆ. ಕಾವು ಚಿಪ್ಪಿನಿಂದ ಲೋಹಕ್ಕೆ, ಲೋಹದಿಂದ ರೆಕ್ಕೆಗೆ, ರೆಕ್ಕೆಯಿಂದ ಗಾಳಿಗೆ ಹೋಗಬೇಕು. ಇದೇ ದಾರಿ.

ಆ ದಾರಿ ಮುಚ್ಚಿತ್ತು. ಹೊರಗಿನಿಂದ ನೋಡಿದರೆ ಫ್ಯಾನಿನ ಅಲಗುಗಳ ಮೇಲೆ ತೆಳುವಾದ ಧೂಳು ಮಾತ್ರ. ಫ್ಯಾನನ್ನು ಕಳಚಿ ತೆಗೆದಾಗ ಅದರ ಅಡಿಯಲ್ಲಿ, ರೆಕ್ಕೆಗಳ ಬಾಯಿಗೆ ಅಡ್ಡವಾಗಿ, ಕಂಬಳಿಯ ತುಂಡಿನಷ್ಟು ದಪ್ಪಗೆ ಧೂಳು ಹಾಸಿಕೊಂಡಿತ್ತು. ಹತ್ತಿಯ ಎಳೆ, ಕೂದಲು, ಇವೆಲ್ಲವನ್ನೂ ಹಿಡಿದು ಗಟ್ಟಿಮಾಡಿದ ಕೆಂಪು ಧೂಳು. ಸಂಡೂರಿನ ಬೆಟ್ಟದ ಧೂಳು. ಮೊಮ್ಮಗ ಅದನ್ನು ಬೆರಳಿನಿಂದ ಎಬ್ಬಿಸಿದಾಗ ಇಡಿಯಾಗಿ, ರೊಟ್ಟಿಯಂತೆ, ಮೇಲೆದ್ದು ಬಂದಿತು. ಫ್ಯಾನು ಅಷ್ಟು ವರ್ಷ ಅರಚುತ್ತ ಗಾಳಿ ಊದಿದ್ದು ಈ ರೊಟ್ಟಿಯ ಮೇಲೆ.

ಹೀಟ್ ಸಿಂಕನ್ನು ಹಿಡಿದಿರುವುದು ನಾಲ್ಕು ಮೂಲೆಗಳ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳು. ಅವುಗಳಲ್ಲಿ ಒಂದು ತನ್ನ ರಂಧ್ರದಿಂದ ಅರ್ಧ ಮೇಲೆದ್ದಿತ್ತು. ಮಿತ್ರರು ಅದನ್ನು ಮುಟ್ಟಿ, "ಯಂತ್ರವನ್ನು ಯಾವಾಗಲೋ ಒರಟಾಗಿ ಎತ್ತಿ ಇಟ್ಟಿರಬೇಕು" ಎಂದರು. ಪಕ್ಕದ ಮನೆಯ ಇಬ್ಬರು ಹುಡುಗರು ನನ್ನ ಕಣ್ಣಮುಂದೆ ನಿಂತರು. ಕಿಟಕಿ ನನ್ನದು, ಧೂಳು ಬಂದ ದಾರಿ ನನ್ನದು, ಪಿನ್ನನ್ನು ಸಡಿಲಿಸಿದ ಆಜ್ಞೆಯೂ ನನ್ನದೇ ಇದ್ದೀತು. ಮಗ ಕೇಳಿದ್ದು ಒಂದು ದಿನದ ಬಿಡುವು.

ಸಿಂಕನ್ನು ಮೆಲ್ಲನೆ ಅತ್ತಿತ್ತ ತಿರುಚಿ ಎತ್ತಿದೆವು. ಚಿಪ್ಪಿನ ಮುಚ್ಚಳಕ್ಕೂ ಲೋಹಕ್ಕೂ ನಡುವೆ ಹಚ್ಚಿದ್ದ ಥರ್ಮಲ್ ಪೇಸ್ಟು ಒಣಗಿ, ಹಳೆಯ ಗೋಡೆಯ ಸುಣ್ಣದಂತೆ ಬಿರುಕುಬಿಟ್ಟಿತ್ತು. ನೋಡುವುದಕ್ಕೆ ಕನ್ನಡಿಯಂತಿದ್ದರೂ ಎರಡು ಲೋಹದ ಮೈಗಳು ಪೂರ್ಣವಾಗಿ ಕೂಡುವುದಿಲ್ಲ. ನಡುವಿನ ಗುಳಿಗಳಲ್ಲಿ ಗಾಳಿ ನಿಲ್ಲುತ್ತದೆ. ಕಾವನ್ನು ಸಾಗಿಸುವುದರಲ್ಲಿ ತಾಮ್ರವು ಗಾಳಿಗಿಂತ ಸುಮಾರು ಹದಿನೈದು ಸಾವಿರ ಪಟ್ಟು ಸಮರ್ಥ. ಎಂದ ಮೇಲೆ ಕೂದಲೆಳೆಯಷ್ಟು ಗಾಳಿಯೂ ಗೋಡೆಯೇ. ಆ ಗುಳಿಗಳನ್ನು ತುಂಬುವುದೇ ಪೇಸ್ಟಿನ ಕೆಲಸ. ಅದು ತಾಮ್ರದಷ್ಟು ಚುರುಕಲ್ಲದಿದ್ದರೂ ಗಾಳಿಗಿಂತ ನೂರಾರು ಪಾಲು ಮೇಲು. ಒಣಗಿ ಬಿರುಕುಬಿಟ್ಟರೆ ಆ ಗುಣ ಕುಗ್ಗುತ್ತದೆ. ಮೂಲೆಯ ಪಿನ್ನು ಎದ್ದರಂತೂ ಲೋಹವೇ ಚಿಪ್ಪನ್ನು ಸರಿಯಾಗಿ ಮುಟ್ಟುವುದಿಲ್ಲ. ನನ್ನ ಹೆಂಡತಿ ಇದನ್ನು ಕೇಳಿ, "ತಳ ಸೊಟ್ಟಗಾದ ಹೆಂಚು ಒಲೆ ಮೇಲೆ ಕೂತಂಗೆ" ಎಂದಳು. ಮಿತ್ರರು ಒಪ್ಪಿದರು.

ಚಿಕಿತ್ಸೆಗೆ ಬೇಕಾದ ಸಾಮಗ್ರಿ ದೊಡ್ಡದೇನೂ ಅಲ್ಲ. ಮೃದುವಾದ ಕುಂಚ, ಗಾಳಿ ಊದುವ ರಬ್ಬರಿನ ಬುರುಡೆ, ಔಷಧದ ಅಂಗಡಿಯಲ್ಲಿ ದೊರೆಯುವ ಐಸೊಪ್ರೊಪೈಲ್ ಆಲ್ಕೊಹಾಲು, ಎಳೆ ಬಿಡದ ಬಟ್ಟೆ, ಮುನ್ನೂರು ರೂಪಾಯಿಯ ಒಂದು ಕೊಳವೆ ಪೇಸ್ಟು. ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿಯಬೇಕು, ಇಲ್ಲವಾದರೆ ಅದರ ಬೇರಿಂಗು ಕೆಡಬಹುದು. ಹಳೆಯ ಪೇಸ್ಟನ್ನು ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ಮೈಗಳಿಂದ ಒರಸಿ ತೆಗೆದೆವು. ಹೊಸದನ್ನು ನಡುವೆ ಒಂದು ತೊಗರಿಕಾಳಿನಷ್ಟು ಇಟ್ಟೆವು. ಹೆಚ್ಚು ಹಚ್ಚಿದರೆ ಹೆಚ್ಚು ತಂಪೆಂದು ನಾನು ಇನ್ನಷ್ಟು ಹಾಕಹೋದೆನು. ಮಿತ್ರರು ಕೈ ಹಿಡಿದರು. ಪೇಸ್ಟು ಗುಳಿಯನ್ನು ತುಂಬಬೇಕೇ ಹೊರತು ತಾನೇ ಪದರವಾಗಿ ಕೂರಬಾರದು. ಪಿನ್ನುಗಳನ್ನು ಒಂದರ ಎದುರು ಮೂಲೆಗೆ ಇನ್ನೊಂದರಂತೆ, ಟಕ್ಕೆನ್ನುವವರೆಗೆ, ಒತ್ತಿದೆವು. ನಾಲ್ಕನೆಯದನ್ನು ನಾನೇ ಒತ್ತಿದೆನು.

ಮಿತ್ರರು ಇನ್ನೂ ಒಂದು ಯುಕ್ತಿ ಹೇಳಿಕೊಟ್ಟರು. ಪ್ರೊಸೆಸರಿನ ಕಾವು ಮಿಡಿತದ ವೇಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಹೆಚ್ಚಿದರೆ ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜನ್ನು ನೂರರಲ್ಲಿ ಹತ್ತು ಪಾಲು ಇಳಿಸಿದರೆ ಆ ಬಾಬ್ತಿನ ಕಾವು ಹತ್ತೊಂಬತ್ತು ಪಾಲು ಇಳಿಯುತ್ತದೆ. ಅವಸರ ಬಂದಾಗ ಯಂತ್ರವು ೩.೬ ಗಿಗಾಹರ್ಟ್ಸ್‌ನಿಂದ ೪ಕ್ಕೆ ಹಾರಿ, ಅದಕ್ಕಾಗಿ ವೋಲ್ಟೇಜನ್ನೂ ಏರಿಸಿಕೊಳ್ಳುತ್ತದೆ. ವಿಂಡೋಸಿನ ವಿದ್ಯುತ್ ಏರ್ಪಾಟಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ೧೦೦ರಿಂದ ೯೯ಕ್ಕೆ ಇಳಿಸಿದರೆ ಈ ಹಾರಾಟ ನಿಲ್ಲುತ್ತದೆ. ಬೇಸಿಗೆಯ ಮಟ್ಟಿಗೆ ಹಾಗೆಯೇ ಇಟ್ಟೆವು. ಆಟದಲ್ಲಿ ವ್ಯತ್ಯಾಸವೇ ತಿಳಿಯಲಿಲ್ಲವೆಂದು ಮೊಮ್ಮಗ ವರದಿ ಒಪ್ಪಿಸಿದನು.

ಯಂತ್ರವನ್ನು ಒಳಕೋಣೆಯಲ್ಲಿ, ಅದು ಮೊದಲಿದ್ದ ಮೇಜಿನ ಮೇಲೆ, ಗೋಡೆಯಿಂದ ಗೇಣುದ್ದ ದೂರಕ್ಕೆ ಇಟ್ಟು ಗುಂಡಿ ಒತ್ತಿದೆವು. ಕೋಣೆಯಲ್ಲಿ ೩೭ ಡಿಗ್ರಿ. ಬಯಾಸಿನಲ್ಲಿ ೪೯. ಒಂದು ಗಂಟೆ ಆಡಿದ ಮೇಲೆ ೭೮. ಅಲ್ಲಿಂದ ಮುಂದಕ್ಕೆ ಏರಲಿಲ್ಲ. ಇದಕ್ಕಿಂತ ಕೆಳಗೆ ಇಳಿಸುವುದು ನಮ್ಮ ಊರಿನ ಬೇಸಿಗೆಯಲ್ಲಿ ಕಷ್ಟ. ಎಷ್ಟೇ ಒಳ್ಳೆಯ ಫ್ಯಾನಾದರೂ ಕೋಣೆಯ ಗಾಳಿಯನ್ನೇ ತಾನೇ ಊದಬೇಕು? ಕೋಣೆ ಒಂದು ಡಿಗ್ರಿ ಏರಿದರೆ ಪ್ರೊಸೆಸರೂ ಸುಮಾರು ಒಂದು ಡಿಗ್ರಿ ಏರುತ್ತದೆ. ನಲವತ್ತೈದು ಸಾವಿರದ ಪಟ್ಟಿಯನ್ನು ಹರಿದುಹಾಕಿದೆನು. ಒಟ್ಟು ಖರ್ಚು ಐನೂರು ರೂಪಾಯಿಯೊಳಗೆ.

ಆದರೆ ಲೆಕ್ಕ ಅಲ್ಲಿಗೆ ತೀರಲಿಲ್ಲ. ಭಾನುವಾರ ಡಬ್ಲಿನ್ನಿನಿಂದ ಕರೆ ಬಂದಾಗ ಹೆಂಡತಿ ತಾನು ಮಾತನಾಡುವ ಮೊದಲೇ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಹೇಗೆ ಆರಂಭಿಸಬೇಕೋ ತಿಳಿಯಲಿಲ್ಲ. ತರಗತಿಯಲ್ಲಿ ನಲವತ್ತು ನಿಮಿಷ ತಡವರಿಸದೆ ಮಾತಾಡಿದವನಿಗೆ ನಾಲ್ಕು ಮಾತು ಹೊರಡಲಿಲ್ಲ. ಧೂಳಿನ ರೊಟ್ಟಿಯನ್ನು ಹೇಳಿದೆನು, ಎದ್ದಿದ್ದ ಪಿನ್ನನ್ನು ಹೇಳಿದೆನು, ಕಿಟಕಿಯ ಮಾತನ್ನೂ ಹೇಳಿದೆನು. ಕೊನೆಗೆ, "ನೆಲ ಡೊಂಕಾಗೇ ಇತ್ತಪ್ಪಾ. ನೀನು ಹೇಳಿದ್ದು ನಿಜ. ನಾನು ಕೇಳಬೇಕಾಗಿತ್ತು" ಎಂದೆನು.

ಅತ್ತಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಕರೆ ಕಡಿದುಹೋಯಿತೇನೋ ಎಂದುಕೊಂಡೆನು. ಆಮೇಲೆ ಅವನು ಕೇಳಿದನು: "ಪಿನ್ ನಾಲ್ಕೂ ಸರಿಯಾಗಿ ಕೂತಿದ್ಯಾ, ಅಪ್ಪಾ? ಬೋರ್ಡಿನ ಹಿಂದಿನಿಂದ ನೋಡಿದ್ರೆ ಗೊತ್ತಾಗುತ್ತೆ."

"ಕೂತಿದೆ. ಕೊನೇದನ್ನ ನಾನೇ ಒತ್ತಿದೆ."

"ನೀವಾ?" ಎಂದು ನಕ್ಕನು. ಅಂದು ನಾವು ಮುಕ್ಕಾಲು ಗಂಟೆ ಮಾತನಾಡಿದೆವು. ಕಳೆದುಹೋದ ಅಂಕಗಳ ಪ್ರಸ್ತಾಪವನ್ನು ಅವನು ಎತ್ತಲಿಲ್ಲ. ನಾನು ಎತ್ತಿದಾಗ, "ಅದು ಹೋಗ್ಲಿ ಬಿಡಿ" ಎಂದನು. ಪೂರ್ತಿ ಹೋಗಿದೆಯೆಂದು ನಾನು ಭಾವಿಸಿಲ್ಲ. ಅವನು ತನ್ನ ಊರಿನ ಸುದ್ದಿ ಹೇಳಿದನು. ಡಬ್ಲಿನ್ನಿನ ಟಾಲಾ ಎಂಬ ಭಾಗದಲ್ಲಿ ೨೦೨೩ರಿಂದ ದೊಡ್ಡ ದತ್ತಾಂಶ ಕೇಂದ್ರವೊಂದರ ಕಂಪ್ಯೂಟರುಗಳು ಹೊರಹಾಕುವ ಕಾವಿನಿಂದಲೇ ನೀರನ್ನು ಕಾಯಿಸಿ, ಕೊಳವೆಗಳಲ್ಲಿ ಹರಿಸಿ, ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡುತ್ತಾರಂತೆ. ಚಳಿಗಾಲದಲ್ಲಿ ತಾನೂ ಕಂಪ್ಯೂಟರಿನ ಪಕ್ಕಕ್ಕೆ ಕಾಲು ಚಾಚಿಕೊಂಡು ಕೂರುತ್ತೇನೆಂದನು. ಹೊಸಪೇಟೆಯಲ್ಲಿ ಜ್ವರವೆನಿಸಿದ್ದು ಅಲ್ಲಿ ಅಗ್ಗಿಷ್ಟಿಕೆ.

ಪ್ರತಿವರ್ಷವೂ ಆಯುಧಪೂಜೆಯ ದಿನ ನಾವು ಆ ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ನಿಂಬೆಹಣ್ಣು ಇಳಿತೆಗೆದು ಪೂಜೆ ಮಾಡುತ್ತಿದ್ದೆವು. ಅದೆಲ್ಲವೂ ಹೊರಮೈಗೆ. ೨೦೨೫ರ ಆಯುಧಪೂಜೆಯ ಹಿಂದಿನ ದಿನ ನಾನು ಅದನ್ನು ಅಂಗಳಕ್ಕೆ ಒಯ್ದು, ಹಲಗೆ ಬಿಚ್ಚಿ, ಕುಂಚ ಹಿಡಿದು ಕುಳಿತೆನು. ಐದು ತಿಂಗಳ ಧೂಳು, ತೆಳುವಾಗಿ, ಕೆಂಪಗೆ ಕೂತಿತ್ತು. ಫ್ಯಾನಿನ ಅಲಗನ್ನು ಬೆರಳಿನಿಂದ ಹಿಡಿದುಕೊಂಡು ಊದಿದೆನು. ಆಮೇಲೆ ಬೋರ್ಡಿನ ಹಿಂಬದಿಗೆ ಕೈದೀಪ ಹಿಡಿದು, ಮಗ ಹೇಳಿದ್ದಂತೆ, ಪಿನ್ನುಗಳನ್ನು ಒಂದೊಂದಾಗಿ ನೋಡಿದೆನು. ನಾಲ್ಕೂ ಸರಿಯಾಗಿ ಕೂತಿದ್ದವು.